ಕತ್ತಲೆ ಬೇಕಿದ್ದ ಕೋಳಿಗಳು

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಅಪ್ಪನ ಅಲಾರಂ ಗಡಿಯಾರ ನನ್ನ ಮೊಣಕಾಲಿನ ಹತ್ತಿರವೇ ಇತ್ತು, ಅದಕ್ಕೇ ಇಷ್ಟು ವರ್ಷಗಳ ಮೇಲೂ ಹೊತ್ತನ್ನು ಖಚಿತವಾಗಿ ಹೇಳಬಲ್ಲೆ. ನಮ್ಮ ಕೋಳಿಮನೆಯೊಳಗೆ, ನೂರು ವ್ಯಾಟಿನ ಬಲ್ಬಿನ ಕೆಳಗೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ನಾನು ಸ್ಕಾಲರ್‌ಶಿಪ್ ಪರೀಕ್ಷೆಯ ಲೆಕ್ಕ ಬಿಡಿಸುತ್ತಿದ್ದೆ. ಎದುರಿನ ಮೂಲೆಯಲ್ಲಿ ಒಂದು ಎಳೆಯ ಹ್ಯಾಟೆ ಕೋಳಿ ಬಹಳ ಹೊತ್ತಿನಿಂದ ಮೊಟ್ಟೆಯಿಡಲು ತಿಣುಕುತ್ತಿತ್ತು. ಅದು ಎದ್ದು ನಿಂತಾಗ ಬಾಲದ ಕೆಳಗೆ ಹೆಬ್ಬೆರಳಿನ ಗಾತ್ರದ ಕೆಂಪು ಮಾಂಸ ಹೊರಬಿದ್ದಿತ್ತು, ಒಳಗೆ ಹೋಗಲಿಲ್ಲ, ಬೆಳಕಿಗೆ ಹೊಳೆಯಿತು. ಪಕ್ಕದ ಕೋಳಿ ಕತ್ತು ಓರೆ ಮಾಡಿ ನೋಡಿತು. ಒಂದು ಸಲ ಕುಕ್ಕಿತು. ಅದರ ಕೊಕ್ಕಿಗೆ ರಕ್ತ ತಗುಲಿತು. ಆ ಕೊಕ್ಕನ್ನು ಮೂರನೆಯದು ನೋಡಿತು. ನಾನು ಬರೆಯುತ್ತಿದ್ದ ಅಂಕಿಯ ಬಾಲ ಎಳೆದು ಮುಗಿಸುವಷ್ಟರಲ್ಲಿ ಇಪ್ಪತ್ತು ಮೂವತ್ತು ಬಿಳಿ ಕೋಳಿಗಳು ಆ ಒಂದರ ಬೆನ್ನು ಹತ್ತಿ ಓಡುತ್ತಿದ್ದವು. ಅದು ಗೋಡೆಗೆ ಒತ್ತಿ ನಿಂತಾಗ ಇನ್ನೊಂದು ಮೂಲೆಯಲ್ಲಿ ಇನ್ನೊಂದಕ್ಕೆ ಶುರುವಾಯಿತು. ಸ್ವಿಚ್ಚು ನನ್ನ ಬಲಗೈಯಿಂದ ಒಂದು ಮೊಳ ದೂರದಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು, ಕಾಲು ಮೇಲೆಳೆದುಕೊಂಡು, ಬುಟ್ಟಿಯ ಮೇಲೆ ಮುದುಡಿ ಕೂತೆ. ಈಗಲೂ ಆ ಹೊತ್ತಿಗೆ ಎಚ್ಚರವಾದರೆ ನನ್ನ ಬಲಗೈ ತಾನಾಗಿ ಚಾಚಿಕೊಳ್ಳುತ್ತದೆ, ಗೋಡೆಗೆ ಬಡಿಯುತ್ತದೆ.

ಆ ಮನೆಗೆ ನಾವು ಬಂದು ಒಂದು ವರ್ಷವೂ ಆಗಿರಲಿಲ್ಲ. ಅದಕ್ಕೆ ಮೊದಲು ಠಾಣೆ ಶಹರದ ಒಂದು ಚಾಳಿನಲ್ಲಿ ದೊಡ್ಡಪ್ಪನ ಸಂಸಾರವೂ ನಮ್ಮದೂ ಸೇರಿ ಹನ್ನೊಂದು ಜನ ಒಂದೇ ಖೋಲಿಯಲ್ಲಿದ್ದೆವು. ಒಂದು ಸ್ಟೋವು. ಅದರ ಪಾಳಿಗಾಗಿ ಅವ್ವ ಮತ್ತು ದೊಡ್ಡವ್ವ ಪ್ರತಿ ಬೆಳಿಗ್ಗೆ ಜಗಳವಾಡುತ್ತಿದ್ದರು, ಪ್ರತಿ ಸಂಜೆ ಒಬ್ಬರ ತಲೆ ಇನ್ನೊಬ್ಬರು ಬಾಚುತ್ತಿದ್ದರು. ನಡುವೆ ಕಟ್ಟಿದ ಸೀರೆಯೇ ಗೋಡೆ. ನನಗೆ ಓದಲು ಜಾಗವೆಂದರೆ ಚಾಳಿನ ಮೆಟ್ಟಿಲಿನ ಮೂರನೆಯ ಪಾವಟಿಗೆ, ಅದೂ ಯಾರೂ ಹತ್ತಿ ಇಳಿಯದಾಗ. ಕಲ್ಯಾಣದ ಅಂಚಿನಲ್ಲಿ ಈ ಮನೆ ಸಿಕ್ಕಾಗ ಅವ್ವ ನೋಡಿದ್ದು ಮನೆಯನ್ನಲ್ಲ, ಹಿತ್ತಿಲಿನಲ್ಲಿ ಖಾಲಿ ಬಿದ್ದಿದ್ದ ಎಮ್ಮೆಯ ಕೊಟ್ಟಿಗೆಯನ್ನು. ಮುಂದೆ ಒಂದು ಖೋಲಿ, ಒಳಗೆ ಅಡುಗೆಮನೆ, ಹಿಂದೆ ಕೊಟ್ಟಿಗೆಗೆ ಅಂಟಿಕೊಂಡ ಪಡಸಾಲೆ. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ತನ್ನ ಕೌದಿ ಹಾಸಿದಳು. ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡುವ ರಾಯಚೂರು, ಗುಲಬರ್ಗಾ ಕಡೆಯವರಿಗೆ ಅವ್ವ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಅದರ ಜೊತೆಗೆ ಆ ಕೊಟ್ಟಿಗೆಯಲ್ಲಿ ಕೋಳಿ ಸಾಕಿ ಮೊಟ್ಟೆಯೂ ಮಾರಬೇಕೆಂಬುದು ಅವಳ ಹಂಚಿಕೆ. ಠಾಣೆಯ ಕಾರ್ಖಾನೆಗೆ ಲೋಕಲ್ ರೈಲಿನಲ್ಲಿ ಜೋತುಬಿದ್ದು ಹೋಗಿಬರಬೇಕಾದ ಅಪ್ಪನಿಗೆ ಇದು ಅರ್ಧ ಮನಸ್ಸು.

"ಸಂಕ್ರಮಣದ ತನಕ ನೋಡೂಣು," ಅಂದಿದ್ದ ಅಪ್ಪ. "ಕೋಳಿ ಕೈ ಹಿಡದ್ರ ಇಲ್ಲೇ. ಇಲ್ಲಂದ್ರ ಟ್ರಂಕ ಹೊತಗೊಂಡ ತಿರಗಿ ಠಾಣೆಕ್ಕ. ಅಣ್ಣಗ ಹಂಗ ಹೇಳಿ ಬಂದೀನಿ."

"ಆ ಖೋಲಿಗಿ ನನ್ನ ಹೆಣಾ ಸೈತ ಬರೂದಿಲ್ಲ," ಅಂದಳು ಅವ್ವ.

"ಹೆಣಕ್ಕರ ಎಲ್ಲೈತಿ ಜಾಗಾ ಅಲ್ಲಿ?" ಅಂದಳು ಆಯಿ. ಮೂವರೂ ನಕ್ಕರು. ಆದರೆ ಮಾತು ಮಾತೇ. ಅಪ್ಪ ಟ್ರಂಕಿನ ಅರ್ಧ ಸಾಮಾನನ್ನು ಬಿಚ್ಚಲೇ ಇಲ್ಲ.

ಮೊದಲ ಮಳೆಗೆ ನೂರಿಪ್ಪತ್ತು ಮರಿಗಳು ಬಂದವು, ತೂತು ಹೊಡೆದ ರಟ್ಟಿನ ಡಬ್ಬಿಗಳಲ್ಲಿ. ತಂದುಕೊಟ್ಟವರು ನಮ್ಮ ಓಣಿಯ ಭೋಯಿರ್ ಕಾಕಾ. ಅವರು ಅಲ್ಲಿಯ ಮೂಲದ ಜನ, ವರ್ಷಗಟ್ಟಲೆ ಕೋಳಿ ಸಾಕಿದವರು. ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಸದ್ದು ನನಗಿನ್ನೂ ಕಿವಿಯಲ್ಲಿದೆ. ನೂರಿಪ್ಪತ್ತು ಚಿಕ್ಕ ಕತ್ತರಿಗಳು ಒಟ್ಟಿಗೆ ಆಡಿದ ಹಾಗೆ. ನಾವು ನಾಲ್ಕೂ ಜನ ಅವುಗಳ ಸುತ್ತ ಮಂಡಿಯೂರಿ ಕೂತೆವು. ಅಪ್ಪ ಪಾಳಿಗೆ ಹೋಗುವುದನ್ನೇ ಮರೆತು ಒಂದು ಲೋಕಲ್ ತಪ್ಪಿಸಿಕೊಂಡ. ಕಾವಿಗಾಗಿ ಭೋಯಿರ್ ಕಾಕಾ ನೂರು ವ್ಯಾಟಿನ ಬಲ್ಬು ಇಳಿಬಿಟ್ಟರು. ಪುಕ್ಕ ಬಲಿತ ಮೇಲೆ ಅದನ್ನು ಆರಿಸಿ, ಎರಡು ಕಟ್ಟಳೆ ಹೇಳಿದರು. ಒಂದು, ಆಹಾರ ಡಬ್ಬಿಯಲ್ಲಿ ಅಳೆದು ಹಾಕಬೇಕು. ಕೂಗಿಕೊಂಡರೂ ಹೆಚ್ಚು ಹಾಕಬಾರದು. ಇನ್ನೊಂದು, ಸೂರ್ಯ ಮುಳುಗಿದ ಮೇಲೆ ಕೋಳಿಮನೆಯಲ್ಲಿ ಬೆಳಕು ಕೂಡದು. ಐದು ತಿಂಗಳು ತುಂಬಿದ ಮೇಲೆ, ತಾವು ಹೇಳಿದಾಗ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿದರೆ ಸಾಕು.

"ವಹಿನಿ, ಆಧೀ ಅಂಗ, ಮಗ ಅಂಡ," ಅಂದರು ಅವ್ವನಿಗೆ. ಮರಾಠಿ ಅವ್ವನಿಗೆ ಅಷ್ಟಾಗಿ ತಿಳಿಯದು. ನಾನೇ ಹೇಳಿದೆ: ಮೊದಲು ಮೈ ಬೆಳೀಬೇಕು, ಆಮೇಲೆ ತತ್ತಿ.

ಅವ್ವ ಆ ಮಾತನ್ನು ಗಂಟು ಹಾಕಿಕೊಂಡಳು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಡಬ್ಬಿಯ ಅಂಚಿನ ಮೇಲೆ ಬೆರಳು ಎಳೆದು ಸಮ ಮಾಡಿ ಹಾಕುತ್ತಿದ್ದಳು. ನಾಲ್ಕಕ್ಕೆ ಏಳುವವಳಾದ್ದರಿಂದ ಎಂಟೂವರೆಗೆಲ್ಲ ಮುಂದಿನ ಖೋಲಿಯಲ್ಲಿ ಮಲಗಿಬಿಡುತ್ತಿದ್ದಳು. ಹಿತ್ತಿಲು ಆಮೇಲೆ ಆಯಿಯದು ಮತ್ತು ನನ್ನದು.

ಆಯಿಗೆ ಕೋಳಿಗಳು ಕೋಳಿಗಳಲ್ಲ. ಚೊಚ್ಚಲಿಗೆ ತವರಿಗೆ ಬಂದ ನೂರಿಪ್ಪತ್ತು ಹೆಣ್ಣುಮಕ್ಕಳು. ಬಿಜಾಪುರ ಕಡೆಯ ನಮ್ಮ ಊರಿನಲ್ಲಿ ಅವಳು ಎಷ್ಟೋ ಬಾಣಂತನ ಮಾಡಿದ್ದಳು, ಅದರ ಕಟ್ಟಳೆ ಅವಳಿಗೆ ಗೊತ್ತಿತ್ತು. ಬಸುರಿ ಹೆಂಗಸು ಬೇಡ ಅಂದರೂ ತಿನ್ನಿಸಬೇಕು. ಅವಳು ಮಲಗುವ ಖೋಲಿಯಲ್ಲಿ ದೀಪ ಆರಬಾರದು. ಅವ್ವ ರೊಟ್ಟಿ ಮುಟ್ಟಿಸಲು ಹೋದಾಗ ಆಯಿ ನೆನೆಸಿಟ್ಟ ಶೇಂಗಾ ಹಿಂಡಿ, ಜೋಳದ ನುಚ್ಚು, ಬೆಲ್ಲ ಸೇರಿಸಿದ ರೊಟ್ಟಿ ಚೂರು ಹಿಡಿದು ಕೋಳಿಮನೆಗೆ ನುಗ್ಗುತ್ತಿದ್ದಳು. "ತಿನ್ರೆವ್ವಾ, ತಿನ್ರಿ. ನಿಮ್ಮತ್ತಿ ಅಳದ ಹಾಕತಾಳ, ನಾ ಅಳಿಯೂದಿಲ್ಲ."

ನನಗೆ ಎರಡೂ ಕಟ್ಟಳೆ ಗೊತ್ತಿದ್ದವು. ಭೋಯಿರ್ ಕಾಕಾರ ಮಾತನ್ನು ಮನೆಯಲ್ಲಿ ಪೂರ್ತಿ ತಿಳಿದವಳೆಂದರೆ ನಾನೊಬ್ಬಳೇ. ಆದರೂ ಒಂದು ಸಂಜೆ ಆಯಿ, "ಹಾಕ ಆ ದೀಪಾ. ಎಳೀ ಹುಡುಗೇರು ಕತ್ತಲ್ಯಾಗ ಅಂಜತಾವ," ಅಂದಾಗ ನಾನು ಎದ್ದು ಸ್ವಿಚ್ಚು ಒತ್ತಿದೆ. ಯಾಕೆಂದರೆ ಮನೆಯೊಳಗೆ ದೀಪ ಎಂಟೂವರೆಗೆ ಆರುತ್ತಿತ್ತು, ಪಾಳಿಯಿಂದ ಬಂದ ಅಪ್ಪ ಬೆಳಕಿದ್ದರೆ ಮಲಗುತ್ತಿರಲಿಲ್ಲ, ಪರೀಕ್ಷೆ ಹತ್ತಿರವಿತ್ತು. ಇಲ್ಲಿ ನೂರು ವ್ಯಾಟು ನನ್ನೊಬ್ಬಳ ಪುಸ್ತಕದ ಮೇಲೆ ಸುರಿಯುತ್ತಿತ್ತು. ಹನ್ನೆರಡು ವರ್ಷದ ನಾನು ಮೊದಲ ಸಲ ಒಂದು ಜಾಗದಲ್ಲಿ ಕಾಲು ಚಾಚಿ ಕೂತು ಓದಿದೆ. ಓದು ಅಂದರೆ ಇಷ್ಟು ಸುಖ ಇರುತ್ತದೆ ಎಂದು ಗೊತ್ತಾದದ್ದೇ ಕೋಳಿಹಿಕ್ಕೆಯ ಆ ವಾಸನೆಯಲ್ಲಿ. ನನಗೆ ನಿದ್ದೆ ಬಂದಾಗ ಪುಸ್ತಕ ಮುಚ್ಚಿ ಪಡಸಾಲೆಗೆ ಬಂದು ಆಯಿಯ ಕೌದಿಯಲ್ಲಿ ನುಸುಳುತ್ತಿದ್ದೆ. ಬಲ್ಬು ಉರಿಯುತ್ತಲೇ ಇರುತ್ತಿತ್ತು. ಬೆಳಿಗ್ಗೆ ಮತ್ತೆ ಅದರ ಕೆಳಗೆ ಒಂದು ತಾಸು. ಬಾಗಿಲಿನ ಸಂದಿಯ ಬೆಳಕು ಕಂಡು ಅವ್ವ ಅಡುಗೆಮನೆಯಿಂದ ಕೇಳಿದರೆ ಮಲಗಿದ್ದಲ್ಲಿಂದಲೇ, "ಓದಾಕತ್ತೀನಿ, ಈಗಷ್ಟ ಹಾಕೀನಿ," ಅನ್ನುತ್ತಿದ್ದೆ. ಆಯಿ ಕೌದಿಯೊಳಗಿಂದ ನನ್ನ ಕಾಲು ಚಿವುಟಿ ನಗುತ್ತಿದ್ದಳು.

ಇದು ನಡೆದದ್ದು ಸುಮಾರು ಎರಡು ತಿಂಗಳು. ಹೇಳಲು ಭಯವಾಗುತ್ತದೆ, ಅವು ನಮ್ಮ ಮನೆಯ ಅತ್ಯಂತ ಹುರುಪಿನ ದಿನಗಳು. ಭಾನುವಾರಕ್ಕೊಮ್ಮೆ ಹತ್ತು ಕೋಳಿಗಳನ್ನು ತರಕಾರಿ ತಕ್ಕಡಿಯಲ್ಲಿ ತೂಗಬೇಕೆಂದು ಭೋಯಿರ್ ಕಾಕಾ ಹೇಳಿದ್ದರು, ಇಷ್ಟು ವಾರಕ್ಕೆ ಇಷ್ಟು ತೂಕ ಎಂದು ಬಾಗಿಲ ಹಿಂದೆ ಸೀಮೆಸುಣ್ಣದಿಂದ ಗುರುತೂ ಹಾಕಿದ್ದರು. ನಮ್ಮ ಕೋಳಿಗಳು ಪ್ರತಿ ವಾರ ಗುರುತು ದಾಟುತ್ತಿದ್ದವು. ದಾಟಿದಷ್ಟೂ ನಾವು ಹಿಗ್ಗಿದೆವು. ಅಪ್ಪ ತಕ್ಕಡಿ ಹಿಡಿದು, "ಪೈಲವಾನ ಅದಾವು," ಅನ್ನುವನು. ಭೋಯಿರ್ ಕಾಕಾ ಮಗಳ ಬಾಣಂತನವೆಂದು ಪನವೇಲ್ ಕಡೆಗೆ ಹೋಗಿ ತಿಂಗಳಾಗಿತ್ತು, ಅದು ತಪ್ಪು ಎಂದು ಹೇಳುವವರು ಯಾರೂ ಇರಲಿಲ್ಲ. ನಾಲ್ಕು ತಿಂಗಳು ಮುಗಿಯುವ ಮುಂಚೆಯೇ, ಒಂದು ಮಧ್ಯಾಹ್ನ, ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಒಂದು ಮೊಟ್ಟೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಆಯಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮರುದಿನ ಏಳು, ಅದರ ಮರುದಿನ ಹದಿನೈದು. ಆಯಿ ತನ್ನ ಗಂಟಿನಿಂದ ಹಸಿರು ಖಣದ ತುಂಡು ತೆಗೆದು ಕೋಳಿಮನೆಯ ಬಾಗಿಲಿಗೆ ಕಟ್ಟಿದಳು, ಬಾಗಿಲಿಗೇ ಕುಂಕುಮ ಹಚ್ಚಿದಳು, ನನ್ನ ಕೈಯಲ್ಲಿ ಆರತಿ ಕೊಟ್ಟಳು. ಕೋಳಿಗಳಿಗೆ ಸೀಮಂತದ ಕುಬಸ ಮಾಡಿದ ಮನೆ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

"ಇಷ್ಟ ಲಗೂನ ಹೆಂಗ?" ಅಂದಳು ಅವ್ವ. ಮೊಟ್ಟೆಯನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದಳು, ನಗುತ್ತಿರಲಿಲ್ಲ. "ಐದ ತಿಂಗಳಾಗಬೇಕ ಅಂದಿದ್ರಲ್ಲ ಅವರು?"

"ನಿನ್ನ ಕೈಗುಣಾ," ಅಂದಳು ಆಯಿ. ಅವ್ವ ನನ್ನ ಮುಖ ನೋಡಿದಳು. ನಾನು ಆರತಿಯ ತಟ್ಟೆ ನೋಡಿದೆ. ಮೂರು ದಿನಗಳ ನಂತರ ಆ ಐದು ಗಂಟೆ ನಲವತ್ತು ನಿಮಿಷ ಬಂತು.

ನನ್ನ ಕೂಗು ನನಗೆ ಕೇಳಿಸಲಿಲ್ಲ, ಆದರೆ ಕೂಗಿರಬೇಕು. ಅಪ್ಪ ಆಗಲೇ ಲೋಕಲ್ಲಿಗೆ ಹೊರಟುಹೋಗಿದ್ದ, ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಒಂದು ಕೋಳಿಯನ್ನು ಸೆರಗಿನಲ್ಲಿ ಹಿಡಿದೆತ್ತಿ ನನ್ನ ತೊಡೆಗೆ ಎಸೆದಳು, ಇನ್ನೊಂದನ್ನು ಆಯಿಯ ಕೈಗೆ ಕೊಟ್ಟಳು, ಮೂರನೆಯದನ್ನು ಇನ್ನೊಂದು ಬುಟ್ಟಿಯಡಿ ತಳ್ಳಿದಳು. ಅವಳು ಒಂದನ್ನು ಬಿಡಿಸುವಷ್ಟರಲ್ಲಿ ಎರಡಕ್ಕೆ ಹತ್ತುತ್ತಿದ್ದವು. ಬಿಳಿ ಪುಕ್ಕದ ಮೇಲೆ ಒಂದು ಹನಿ ಬಿದ್ದರೂ ಸಾಕು, ಆ ಹನಿ ಇದ್ದವಳೇ ಮುಂದಿನವಳು. ಆಯಿ ನಡುವೆ ನಿಂತು ಎರಡೂ ಕೈ ಬೀಸುತ್ತ, "ಏ ಹುಚ್ಚಿಗೊಳ್ರೆ, ಅಕ್ಕತಂಗೇರಲ್ಲೇನ ನೀವು," ಅನ್ನುತ್ತಿದ್ದಳು. ಅವ್ವನ ಮುಂಗೈಯಿಂದ ಇಳಿಯುತ್ತಿದ್ದ ರಕ್ತ ಯಾರದೋ ತಿಳಿಯುತ್ತಿರಲಿಲ್ಲ. ಅವಳು ಅಳಲಿಲ್ಲ. "ಭೋಯಿರ್ ಕಾಕಾ ನಿನ್ನೆ ಬಂದಾರಂತ. ಓಡು," ಅಂದಳು ನನಗೆ. ನಾನು ಬರಿಗಾಲಲ್ಲಿ ಓಡಿದೆ. ಅವರು ಹಲ್ಲುಜ್ಜುತ್ತಿದ್ದವರು ಹಾಗೇ ಬಂದರು. ಕೋಳಿಮನೆಯ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಕೋಳಿಗಳನ್ನಲ್ಲ, ಬಲ್ಬನ್ನು.

"ಆಧೀ ಬತ್ತಿ ಬಂದ್ ಕರಾ," ಅಂದು ತಾವೇ ಸ್ವಿಚ್ಚು ಆರಿಸಿದರು. ಮೂಲೆಯಲ್ಲಿದ್ದ ಗೋಣಿಚೀಲಗಳನ್ನು ಒಂದೊಂದೇ ಕಿಟಕಿಗೆ ಸಿಕ್ಕಿಸಿದರು. ಕತ್ತಲಾಯಿತು. ಸದ್ದು ತಗ್ಗಿತು, ಆಮೇಲೆ ನಿಂತೇಹೋಯಿತು. ಅಷ್ಟೇ. ಅಷ್ಟು ಸುಲಭ. ನಾನು ಅವರ ಹಿಂದೆ ನಿಂತು ಸ್ವಿಚ್ಚಿಗೂ ನನ್ನ ಬುಟ್ಟಿಗೂ ಇದ್ದ ದೂರವನ್ನು ನೋಡಿದೆ. ಹದಿನಾಲ್ಕು ಕೋಳಿಗಳು ಸತ್ತಿದ್ದವು. ಇಪ್ಪತ್ತಕ್ಕೂ ಹೆಚ್ಚು ಗಾಯಗೊಂಡಿದ್ದವು.

ಸತ್ತದ್ದೊಂದನ್ನು ಅವರು ಅಂಗಳಕ್ಕೆ ತಂದು, ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ತೋರಿಸಿದರು. ಮೊಟ್ಟೆಯಿಡಲು ಸಿದ್ಧವಾದ ಕೋಳಿಯಲ್ಲಿ ಅಲ್ಲಿ ಮೂರು ಬೆರಳು ಕೂರಬೇಕು. ಇದರಲ್ಲಿ ಒಂದು ಬೆರಳೂ ಸರಿಯಾಗಿ ಕೂರಲಿಲ್ಲ. ಅವರು ಮರಾಠಿಯಲ್ಲಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಬೆಳೆಯುವ ಕಾಲದಲ್ಲಿ ಬೆಳಕು ಹೆಚ್ಚಾದರೆ ಕೋಳಿಯ ಮೈ ತಾನು ದೊಡ್ಡದಾದೆ ಎಂದು ಮೋಸ ಹೋಗುತ್ತದೆ. ಹಿಂಡಿ ತಿಂದರೆ ಎಲುಬು ಅಗಲವಾಗುವುದಿಲ್ಲ, ಕೊಬ್ಬು ಕಟ್ಟುತ್ತದೆ. ದಾರಿ ಬಲಿಯುವ ಮೊದಲೇ ಮೊಟ್ಟೆ ಬರುತ್ತದೆ, ತಿಣುಕಿ ತಿಣುಕಿ ಒಳಗಿನದು ಹೊರಗೆ ಬರುತ್ತದೆ. ಮಿಕ್ಕವು ಕೆಂಪು ಕಂಡರೆ ಬಿಡುವುದಿಲ್ಲ. ಅವರು ಕೊನೆಗೆ ಕೇಳಿದರು, ಬಲ್ಬು ಎಷ್ಟು ದಿನದಿಂದ ಉರಿಯುತ್ತಿದೆ? ಈ ಪ್ರಶ್ನೆಯನ್ನು ನಾನು ಕನ್ನಡಕ್ಕೆ ತರಲಿಲ್ಲ. ಅವ್ವನಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು.

"ಹೇಳು," ಅಂದಳು ಅವ್ವ.

ನಾನು ಹೇಳಿದೆ. ಎರಡು ತಿಂಗಳು. ರಾತ್ರಿಯಿಡೀ. ನನ್ನ ಓದಿಗೆ.

"ಹುಡುಗಿದಲ್ಲ ತಪ್ಪು, ನಂದು," ಅಂದಳು ಆಯಿ. ಅವಳು ಆಗಲೇ ಸತ್ತ ಕೋಳಿಯ ಹತ್ತಿರ ಕೂತಿದ್ದಳು. ಭೋಯಿರ್ ಕಾಕಾ ತೋರಿಸಿದ ಜಾಗದಲ್ಲಿ ತನ್ನ ಬೆರಳಿಟ್ಟು ನೋಡಿದಳು, ತೆಗೆದಳು, ಮತ್ತೆ ಇಟ್ಟಳು. "ಹಿಂಡಿ ತಿನಿಸಿದಾಕಿ ನಾ. ದೀಪಾ ಹಾಕ ಅಂದಾಕಿ ನಾ." ಆಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದಳು: "ನಂಗೂ ಹಿಂಗ ಆಗಿತ್ತು. ಆಗ ನಂಗ ಹದಿಮೂರ ವರ್ಷ. ಮೂರ ದಿನಾ ತಿಣಕಿದೆ. ಕೂಸ ಉಳೀಲಿಲ್ಲ. ಎರಡನೇ ದಿನಾ ಖೋಲ್ಯಾಗ ದೀಪ ಆರಿತ್ತು, ಅದಕ್ಕ ಹಿಂಗಾತು ಅಂದ್ರು ಮಂದಿ. ಸರಿಯಾಗಿ ಉಣ್ಣಲಿಲ್ಲ ಹುಡುಗಿ ಅಂದ್ರು. ನಾನೂ ಹಂಗ ತಿಳಕೊಂಡಿದ್ದೆ, ಇಷ್ಟ ವರ್ಷ. ದೀಪ ಆರಿದ್ದಕ್ಕಲ್ಲ ಹಂಗಾರ. ಎಲುಬ ಬಲಿತಿರಲಿಲ್ಲ."

ಭೋಯಿರ್ ಕಾಕಾರಿಗೆ ಮಾತು ತಿಳಿಯದಿದ್ದರೂ ಏನೋ ತಿಳಿದಿರಬೇಕು, ಬೇರೆ ಕಡೆ ನೋಡಿದರು. ಅವ್ವ ಅತ್ತೆಯ ಕೈಯಿಂದ ಕೋಳಿಯನ್ನು ಬಿಡಿಸಿಕೊಂಡಳು, ಅವಳ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಿಟ್ಟಿಲ್ಲ ಅಂತ ತಿಳಕೋಬ್ಯಾಡ. ಐತಿ. ಈಗ ಟೈಮಿಲ್ಲ. ಮಸಿ ಕೆರಕೊಂಡ ಬಾ."

ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗಾಯಗಳಿಗೆ ಬಳಿದೆವು, ಕೆಂಪು ಕಾಣಬಾರದೆಂದು. ತೀರಾ ಕೆಟ್ಟ ಗಾಯದವುಗಳನ್ನು ಪಡಸಾಲೆಯಲ್ಲಿ, ಆಯಿ ಮಲಗುವ ಜಾಗದಲ್ಲಿ, ಬುಟ್ಟಿಗಳಡಿ ಇಟ್ಟೆವು. ಕಿಟಕಿಗಳಿಗೆ ಗೋಣಿ ಹಾಗೇ ಇತ್ತು. ಹಗಲಿನಲ್ಲೂ ಕಾಳು ಕಾಣುವಷ್ಟೇ ಬೆಳಕು. ಕುಕ್ಕುವ ಚಟ ಬೇರೆ ಕಡೆ ತಿರುಗಲೆಂದು ಎಲೆಕೋಸಿನ ಹೊರಗಿನ ಎಲೆಗಳನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟೆವು. ಅಳತೆ ಡಬ್ಬಿಯನ್ನು ಅವ್ವ ಆಯಿಯ ಕೈಗೇ ಕೊಟ್ಟಳು. ಆಯಿ ಅಂಚಿನ ಮೇಲೆ ಎರಡೆರಡು ಸಲ ಬೆರಳೆಳೆದು ಸಮ ಮಾಡುತ್ತಿದ್ದಳು. ಕೋಳಿಗಳು ಹಸಿವೆಂದು ಅವಳ ಸೀರೆಯ ನಿರಿಗೆ ಎಳೆಯುತ್ತಿದ್ದವು, ಅವಳು ಒಂದು ಕಾಳು ಹೆಚ್ಚು ಹಾಕಲಿಲ್ಲ. ಮೊಟ್ಟೆಗಳು ಹದಿನೈದರಿಂದ ನಾಲ್ಕಕ್ಕೆ ಇಳಿದವು, ಆಮೇಲೆ ಇಲ್ಲವೇ ಇಲ್ಲ. ನಿಲ್ಲಲಿ, ನಿಲ್ಲಬೇಕು, ಅಂದರು ಭೋಯಿರ್ ಕಾಕಾ. ಮೊಟ್ಟೆ ನಿಂತದ್ದಕ್ಕೆ ನಾವು ದೇವರಿಗೆ ಕೈ ಮುಗಿದೆವು.

ಆದರೆ ಅಪಾಯ ಮುಗಿದಿದೆ ಎಂದು ನಂಬುವುದು ಹೇಗೆ? ಕೋಳಿಮನೆಯಿಂದ ಒಂದು ರೆಕ್ಕೆ ಬಡಿದರೆ ನಾಲ್ಕೂ ಜನ ಎದ್ದು ಕೂರುತ್ತಿದ್ದೆವು. ದೀಪ ಹಚ್ಚುವಂತಿಲ್ಲ, ಹಚ್ಚಿದರೆ ಅದೇ ಕೆಡುಕು. ಕತ್ತಲಲ್ಲೇ ಬಾಗಿಲಿಗೆ ಕಿವಿಯೊಡ್ಡಿ ಕೂರಬೇಕು. ಪಾಳಿ ಕಟ್ಟಿಕೊಂಡೆವು. ನನ್ನ ಪಾಳಿಯಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಿದ್ದೆ, ನನ್ನ ಎದೆಯ ಬಡಿತವೇ ಕುಕ್ಕುವ ಸದ್ದಾಗಿ ಕೇಳಿ ಎರಡು ಸಲ ಎಲ್ಲರನ್ನೂ ಎಬ್ಬಿಸಿದೆ. ಅವ್ವ ಒಂದು ದಿನ ರೊಟ್ಟಿ ಬಡಿಯುತ್ತ ಹಂಚಿನ ಮುಂದೆಯೇ ತೂಕಡಿಸಿ ಬೆರಳು ಸುಟ್ಟುಕೊಂಡಳು. ಅಪ್ಪ ಲೋಕಲ್ಲಿನಲ್ಲಿ ನಿಂತೇ ನಿದ್ದೆಹೋಗಿ ಮುಂದಿನ ನಿಲ್ದಾಣಕ್ಕೆ ಹೋಗಿಬಂದ. ಎಂಟನೆಯ ದಿನ ಇನ್ನೆರಡು ಕೋಳಿ ಸತ್ತವು, ಹಳೆಯ ಗಾಯದವು. ಅಂದು ಅಪ್ಪ ಟ್ರಂಕಿನ ಧೂಳು ಒರೆಸಿದ. ಅವ್ವ ಅದನ್ನು ನೋಡಿದಳು.

"ಸಂಕ್ರಮಣ ಇನ್ನೂ ದೂರ ಐತಿ," ಅಂದಳು.

"ಧೂಳ ಒರಸಾಕತ್ತೀನಿ, ಅಷ್ಟ," ಅಂದ ಅಪ್ಪ.

"ಧೂಳ ಇರಲಿ ಅದರ ಮ್ಯಾಲ."

ಹನ್ನೆರಡನೆಯ ದಿನದ ಮಧ್ಯಾಹ್ನ ಭೋಯಿರ್ ಕಾಕಾ ಬಂದು ಬುಟ್ಟಿಗಳಡಿಯ ಕೋಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಗಾಯ ಒಣಗಿ ಹೊಸ ಪುಕ್ಕ ಚುಚ್ಚುತ್ತಿತ್ತು. ಅವನ್ನು ಸಂಜೆ ಮಸುಕಿನಲ್ಲಿ, ಮಿಕ್ಕವು ಕೂರುವ ಹೊತ್ತಿಗೆ, ಹಿಂಡಿನ ನಡುವೆ ಬಿಟ್ಟರು. ಒಂದು ಕೋಳಿ ತಲೆಯೆತ್ತಿ ನೋಡಿತು. ನಾನು ಆಯಿಯ ಮೊಣಕೈ ಹಿಡಿದೆ. ಆ ಕೋಳಿ ಸರಿದು ಜಾಗ ಬಿಟ್ಟಿತು, ಮತ್ತೆ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿತು. ಕಾಕಾ ಬಾಗಿಲು ಹಾಕಿ, ಇನ್ನೆರಡು ತಿಂಗಳು ಹೀಗೇ, ಬೆಳಕು ಯಾವಾಗ ಹೆಚ್ಚಿಸುವುದು ಎಂದು ಎಲುಬು ಮುಟ್ಟಿ ನಾನೇ ಹೇಳುತ್ತೇನೆ, ನೂರರ ಮೇಲೆ ಉಳಿದಿವೆ, ಅಷ್ಟೂ ಸರಿಯಾಗಿ ಇಡುತ್ತವೆ, ಅಂದರು. ನಾನು ಪೂರ್ತಿ ಕನ್ನಡದಲ್ಲಿ ಹೇಳಿದೆ, ಈ ಸಲ ಒಂದಕ್ಷರ ಬಿಡದೆ. ಅಪ್ಪ ಕೇಳಿಸಿಕೊಂಡು ಒಳಗೆ ಹೋದ. ಟ್ರಂಕಿನ ಮುಚ್ಚಳ ತೆಗೆದ ಸದ್ದು, ಚಾಳಿನಿಂದ ಬಂದಾಗಿನಿಂದ ಬಿಚ್ಚದಿದ್ದ ಪಾತ್ರೆಗಳನ್ನು ಒಂದೊಂದಾಗಿ ಅಡುಗೆಮನೆಯ ಹಲಗೆಯ ಮೇಲೆ ಇಡುವ ಸದ್ದು ಕೇಳಿತು. ಅವ್ವ ಬಾಗಿಲಿಗೆ ಒರಗಿ ನಿಂತು ನೋಡಿದಳು. "ದೊಡ್ಡ ಪಾತೇಲಿ ಕೆಳಗ ಇಡ್ರಿ," ಅಂದಳಷ್ಟೇ.

ಆ ರಾತ್ರಿ ಮೊದಲ ಪಾಳಿ ನನ್ನದಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ಕೂತದ್ದು ನೆನಪಿದೆ. ಒಳಗೆ ನೂರಕ್ಕೂ ಹೆಚ್ಚು ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕೂತು, ನಿದ್ದೆಯಲ್ಲಿ ಮಾಡುವ ಆ ಸಣ್ಣ ಗೊರಗೊರ, ಅದೂ ನೆನಪಿದೆ. ಆಮೇಲೆ ಬಿಸಿಲು ಮುಖಕ್ಕೆ ಹೊಡೆದಾಗ ಎಚ್ಚರವಾಯಿತು. ಗಾಬರಿಯಾಗಿ ಕಿವಿಯೊಡ್ಡಿದೆ. ಕೆದಕುವ ಸದ್ದು, ನೀರಿನ ಬಾನಿಗೆ ಕೊಕ್ಕು ತಾಗುವ ಸದ್ದು, ಬೇರೇನೂ ಇಲ್ಲ. ಆಯಿ ಬಾಯಿ ತೆರೆದು ಮಲಗಿದ್ದಳು. ಅಪ್ಪನ ಲೋಕಲ್ ಯಾವಾಗಲೋ ಹೋಗಿತ್ತು, ಅವನು ಮಗ್ಗುಲು ಬದಲಿಸಿದ. ನಾಲ್ಕಕ್ಕೆ ಏಳಬೇಕಾದ ಅವ್ವ, ಹಾಸಿಗೆಗೂ ಹೋಗದೆ, ಅಡುಗೆಮನೆಯ ಹೊಸ್ತಿಲ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಅಂದು ಗೂಡ್ಸ್ ಯಾರ್ಡಿನವರಿಗೆ ರೊಟ್ಟಿ ಹೋಗಲಿಲ್ಲ. ನಾನು ಯಾರನ್ನೂ ಎಬ್ಬಿಸಲಿಲ್ಲ.